ಮೂಗು ತಾತನದು, ದೋಷ ಯಾರದು?

ನಮ್ಮ ಮನೆಗಳಲ್ಲಿ ಕೂಸು ಹುಟ್ಟಿದೊಡನೆ ಪಾಲುಪಟ್ಟಿ ಸಿದ್ಧವಾಗುತ್ತದೆ. ಮೂಗು ತಾತನದು, ಗುಂಗುರು ಕೂದಲು ಸೋದರತ್ತೆಯದು, ಹಟ ಮಾತ್ರ ತಾಯಿಯ ತೌರಿನದು! ಒಳ್ಳೆಯದಕ್ಕೆಲ್ಲ ಎರಡು ಕಡೆಯವರೂ ಹಕ್ಕುದಾರರು. ಆದರೆ ಮಗು ರೋಗದೊಡನೆ ಹುಟ್ಟಿತೆಂದರೆ ಬೆರಳು ಸೊಸೆಯ ಕಡೆಗೇ ತಿರುಗುತ್ತದೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಎನ್ನುವ ಗಾದೆಯೂ ತಂದೆಯ ಹೆಸರೆತ್ತುವುದಿಲ್ಲ. ವಿಜ್ಞಾನದ ಲೆಕ್ಕ ಬೇರೆಯೇ ಆಗಿದೆ.

ಈ ಲೆಕ್ಕವನ್ನು ಮೊದಲು ಬಿಡಿಸಿದವನು ಗ್ರೆಗೊರ್ ಮೆಂಡೆಲ್ ಎಂಬ ಕ್ರೈಸ್ತ ಸಂನ್ಯಾಸಿ. ಇಂದು ಚೆಕ್ ದೇಶಕ್ಕೆ ಸೇರಿರುವ ಬ್ರನೋ ಪಟ್ಟಣದ ಮಠದ ತೋಟದಲ್ಲಿ 1856ರಿಂದ 1863ರವರೆಗೆ ಅವನು ಬಟಾಣಿ ಬೆಳೆದು ಪರೀಕ್ಷಿಸಿದನು. ತಂದೆತಾಯಿಗಳ ಗುಣಗಳು ಹಾಲು ನೀರಿನಂತೆ ಬೆರೆತುಹೋಗುತ್ತವೆಂಬುದು ಆಗಿನ ನಂಬಿಕೆ. ಮೆಂಡೆಲನು ಗುಂಡುಕಾಳಿನ ಗಿಡವನ್ನೂ ಸುಕ್ಕುಕಾಳಿನ ಗಿಡವನ್ನೂ ಕೂಡಿಸಿದನು. ಬಂದ ಕಾಳೆಲ್ಲ ಗುಂಡು! ಸುಕ್ಕು ಅಳಿಯಿತೇ? ಇಲ್ಲ. ಆ ಗುಂಡುಕಾಳುಗಳನ್ನು ಬಿತ್ತಿ, ಗಿಡಗಳನ್ನು ತಮ್ಮಷ್ಟಕ್ಕೆ ಫಲಿಸಲು ಬಿಟ್ಟಾಗ 5,474 ಗುಂಡುಕಾಳು, 1,850 ಸುಕ್ಕುಕಾಳು ದೊರೆತವು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಒಂದು ತಲೆಮಾರು ಅಡಗಿದ್ದ ಗುಣ ಮುಂದಿನದರಲ್ಲಿ ತಲೆಯೆತ್ತಿತು. 1866ರಲ್ಲಿ ಅಚ್ಚಾದ ಈ ಮಾತಿಗೆ 1900ರವರೆಗೆ ಲೋಕ ಕಿವಿಗೊಡಲಿಲ್ಲ.

ಗುಣಗಳನ್ನು ಒಯ್ಯುವ ಈ ಅಂಶಗಳಿಗೆ ವಂಶವಾಹಿಗಳೆಂದು ಹೆಸರು. ಬಹುಮಟ್ಟಿಗೆ ಇವು ನಮ್ಮಲ್ಲಿ ಜೋಡಿಯಾಗಿರುತ್ತವೆ: ಒಂದು ತಂದೆಯಿಂದ, ಇನ್ನೊಂದು ತಾಯಿಯಿಂದ. ನಮ್ಮ ಜೋಡಿಯಲ್ಲಿ ಯಾವುದು ನಮ್ಮ ಮಗುವಿಗೆ ಸಲ್ಲುವುದೆಂಬುದು ಚೀಟಿ ಎತ್ತಿದಂತೆ. ಒಂದೇ ಒಡಲಿನ ಮಕ್ಕಳು ಒಬ್ಬರಂತೆ ಒಬ್ಬರಿಲ್ಲದಿರುವುದು ಇದರಿಂದಲೇ. ಎತ್ತರ, ಮೈಬಣ್ಣಗಳಂಥವು ಅನೇಕ ವಂಶವಾಹಿಗಳ ಕೂಡುಕೆಲಸ.

ಬಟಾಣಿಯ ಸುಕ್ಕಿನಂತೆಯೇ ಅಡಗಿ ಬರುವ ರೋಗಗಳುಂಟು. ಥಲಸ್ಸೇಮಿಯಾ ಅವುಗಳಲ್ಲೊಂದು. ಒಂದೇ ಕೆಟ್ಟ ವಂಶವಾಹಿ ಇರುವವರು ವಾಹಕರು; ಅವರು ಆರೋಗ್ಯವಾಗಿಯೇ ಇರುತ್ತಾರೆ. ಅಲ್ಪ ರಕ್ತಹೀನತೆ ಕಂಡರೂ ಕಬ್ಬಿಣಾಂಶದ ಕೊರತೆಯೆಂದು ಮಾತ್ರೆ ನುಂಗಿ ಸುಮ್ಮನಾಗುವುದುಂಟು. ಗಂಡಹೆಂಡಿರಿಬ್ಬರೂ ವಾಹಕರಾದರೆ ಪ್ರತಿ ಬಸಿರಿನಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. ರೋಗ ತೀವ್ರವಾಗಿದ್ದರೆ ಎರಡು ನಾಲ್ಕು ವಾರಗಳಿಗೊಮ್ಮೆ ಮಗುವಿಗೆ ರಕ್ತ ಕೊಡಿಸಬೇಕಾಗುತ್ತದೆ.

‘ಮೊದಲನೆಯದಕ್ಕೆ ಬಂತು, ಇನ್ನು ಮೂವರಿಗೆ ಭಯವಿಲ್ಲ’ ಎಂದು ಸಮಾಧಾನ ಹೇಳುವವರಿದ್ದಾರೆ. ಇದು ತಪ್ಪು. ಪ್ರತಿ ಸಲವೂ ಚೀಟಿಯನ್ನು ಹೊಸದಾಗಿ ಎತ್ತಬೇಕು.

ಈಗ ನಮ್ಮ ಸೋದರಿಕೆಯ ಮದುವೆಗಳ ಮಾತು. ಸೋದರಮಾವನಿಗೆ ಅಕ್ಕನ ಮಗಳನ್ನು ಕೊಡುವುದು ಚೆನ್ನೈ, ಹೈದರಾಬಾದುಗಳ ನೆರೆಯವರಿಗೆ ಹೊಸದಲ್ಲ; ದೆಹಲಿಯವರು ಕೇಳಿ ಹುಬ್ಬೇರಿಸುತ್ತಾರೆ. 1980ರಿಂದ 1989ರವರೆಗೆ ಬೆಂಗಳೂರು, ಮೈಸೂರುಗಳಲ್ಲಿ ಹೆರಿಗೆಯಾದ ದಂಪತಿಗಳನ್ನು ವಿಚಾರಿಸಿದಾಗ, ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗೇ ಆಗಿತ್ತು. ಸೋದರಮಾವನಲ್ಲಿರುವ ಅಪರೂಪದ ವಂಶವಾಹಿಯೊಂದು ಅಕ್ಕನ ಮಗಳಲ್ಲಿಯೂ ಇರುವ ಸಂಭವ ನಾಲ್ಕರಲ್ಲಿ ಒಂದು. ಅತ್ತೆಯ ಮಗ, ಮಾವನ ಮಗಳ ನಡುವೆ ಎಂಟರಲ್ಲಿ ಒಂದು. ಹೊರಗಿನ ಸಂಬಂಧದಲ್ಲಿ ಇದು ತೀರ ಕಡಿಮೆ. ಸಾಮಾನ್ಯವಾಗಿ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಹುಟ್ಟಿನ ದೋಷವಿದ್ದರೆ, ಅತ್ತೆ-ಮಾವಂದಿರ ಮಕ್ಕಳು ಮದುವೆಯಾದಲ್ಲಿ ಅದು ಸುಮಾರು ಇಮ್ಮಡಿ. ಎಂದರೆ ಹೆಚ್ಚಿನ ಮಕ್ಕಳು ಆಗಲೂ ಆರೋಗ್ಯವಂತರೇ. ಈಗಾಗಲೇ ಮದುವೆಯಾದವರು ಹೆದರಬೇಕಿಲ್ಲ. ಬಸಿರಿಗೆ ಮುಂಚೆ ವೈದ್ಯರಿಗೆ ಸಂಬಂಧವನ್ನು ತಿಳಿಸಿದರೆ ಸಾಕು.

ಹೊರಗೆ ಮದುವೆಯಾದೊಡನೆ ಚಿಂತೆಯೆಲ್ಲ ತೀರಿತೆಂದೂ ಅಲ್ಲ. ನಮ್ಮ ಮಕ್ಕಳು ಇದ್ದ ಊರಿನಲ್ಲೇ ಸಂಬಂಧ ಬೆಳೆಸುತ್ತಿದ್ದಾರೆ. ಅದು ಸಂತೋಷದ ವಿಷಯವೇ. ಆದರೆ ಸಿಂಧಿ, ಪಂಜಾಬಿ, ಗುಜರಾತಿಗಳ ಕೆಲವು ಪಂಗಡಗಳಲ್ಲಿ ಥಲಸ್ಸೇಮಿಯಾ ವಾಹಕರು ಹೆಚ್ಚು. ನಮ್ಮವರಲ್ಲಿಯೂ ಇದ್ದಾರೆ.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹ ಇಷ್ಟು. ಮದುವೆಗೆ ಮುಂಚೆ ವಧೂವರರಿಬ್ಬರೂ ಹಿಮೋಗ್ಲೋಬಿನ್ ಎ2 ಅಳೆಯುವ ರಕ್ತಪರೀಕ್ಷೆ ಮಾಡಿಸಲಿ. ಬರಿಯ ಹಿಮೋಗ್ಲೋಬಿನ್ ಪ್ರಮಾಣ ನೋಡಿದರೆ ಸಾಲದು. ಒಬ್ಬರು ಮಾತ್ರ ವಾಹಕರಾಗಿದ್ದರೆ ಸಂಬಂಧ ಮುರಿಯಬೇಕಿಲ್ಲ. ಮಗುವಿಗೆ ತೀವ್ರ ಥಲಸ್ಸೇಮಿಯಾ ಬರುವ ಅಂಜಿಕೆ ಇರದು. ಇಬ್ಬರೂ ವಾಹಕರೆಂದು ಮದುವೆಯ ನಂತರ ತಿಳಿದರೆ, ಬಸಿರಿನ ಮೊದಲ ತಿಂಗಳುಗಳಲ್ಲಿಯೇ ಮಗುವಿನ ಸ್ಥಿತಿ ತಿಳಿಯುವ ಪರೀಕ್ಷೆಗಳಿವೆ. ಇಂಥ ಮಗು ಮನೆಯಲ್ಲಿದ್ದರೆ, ತಾಯಿಯಿಂದ ಒಂದು, ತಂದೆಯಿಂದ ಒಂದು ವಂಶವಾಹಿ ಬಂದಿದೆಯೆಂಬುದನ್ನು ಹಿರಿಯರು ನೆನೆಯಲಿ. ಸೊಸೆಯನ್ನು ದೂರುವುದು ಬಿಟ್ಟು, ಆಸ್ಪತ್ರೆಗೆ ಅವಳ ಜೊತೆ ಹೋಗಲಿ.