ಆರ್.ಸಿ.ಸಿ. ಕಟ್ಟಡದ ಇಟ್ಟಿಗೆ ಗೋಡೆ ಮತ್ತು ಭೂಕಂಪ: ಮಳಿಗೆದಾರರು ತಿಳಿದಿರಬೇಕಾದ ಸಂಗತಿ

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್‌ಗಳ ಮುಖ್ಯರಸ್ತೆಗಳಲ್ಲಿ ಕಟ್ಟಡಗಳದು ಬಹುತೇಕ ಒಂದೇ ರೂಪ. ಕೆಳಗೆ ಶಟರ್ ಹಾಕಿದ ಮಳಿಗೆಗಳು ಅಥವಾ ಕಾರು ನಿಲ್ಲಿಸುವ ತೆರವು. ಮೇಲೆ ಕೋಣೆಕೋಣೆಗೂ ಗೋಡೆಗಳಿರುವ ಎರಡು ಮೂರು ಅಂತಸ್ತಿನ ಮನೆಗಳು. ವ್ಯಾಪಾರ ಬೆಳೆದಂತೆ ವರ್ತಕರು ಪಕ್ಕದ ಮಳಿಗೆಯನ್ನೂ ಬಾಡಿಗೆಗೆ ಪಡೆದು, ನಡುಗೋಡೆ ತೆಗೆಸಿ ಷೋರೂಮ್ ಮಾಡಿಕೊಳ್ಳುವುದು ವಾಡಿಕೆ. ಪಿಲ್ಲರ್ ಇರುವಾಗ ಗೋಡೆಯ ಮೇಲೆ ಭಾರವೇನಿದೆ ಎಂದು ಮೇಸ್ತ್ರಿಗಳು ಧೈರ್ಯ ಹೇಳುತ್ತಾರೆ. ನೆಲ ಅಲುಗದಿರುವವರೆಗೆ ಆ ಮಾತು ಬಹುಮಟ್ಟಿಗೆ ಸರಿಯೇ.

ಭೂಕಂಪವು ಕಟ್ಟಡವನ್ನು ಮುಖ್ಯವಾಗಿ ಅಡ್ಡಡ್ಡಲಾಗಿ ತಳ್ಳುತ್ತದೆ. ಆಗ ಕಂಬ ಮತ್ತು ತೊಲೆಗಳ ಚೌಕ ಓರೆಯಾಗಲು ಯತ್ನಿಸುತ್ತದೆ. ಅದರೊಳಗೆ ಬಿಗಿಯಾಗಿ ಕಟ್ಟಿದ ಗೋಡೆಯು ಮೂಲೆಯಿಂದ ಮೂಲೆಗೆ ಕೊಟ್ಟ ಊರೆಯಂತೆ ನಿಂತು ಅದನ್ನು ತಡೆಯುತ್ತದೆ. ವಿನ್ಯಾಸದ ಲೆಕ್ಕದಲ್ಲಾದರೋ ಬಹುಕಾಲದಿಂದ ಗೋಡೆಯ ತೂಕವನ್ನು ಖರ್ಚಿಗೆ ಹಾಕಿ, ಅದರ ಬಿಗಿತವನ್ನು ಜಮೆಗೆ ತೆಗೆದುಕೊಳ್ಳದೆ ಬಿಡುವ ರೂಢಿಯಿದೆ. ಪುಸ್ತಕದಲ್ಲಿಲ್ಲದ ಆಸ್ತಿಯಾದರೂ ಅದು ದುಡಿಯುತ್ತಲೇ ಇರುತ್ತದೆ.

ತೊಂದರೆಯಿರುವುದು ಗೋಡೆ ಮೇಲಿದ್ದು ಕೆಳಗಿಲ್ಲದಿದ್ದಾಗ. ಮೇಲಿನ ಅಂತಸ್ತುಗಳು ಒಂದೇ ಗಟ್ಟಿ ಪೆಟ್ಟಿಗೆಯಂತೆ ಚಲಿಸುತ್ತವೆ; ಬಾಗುವ ಕೆಲಸವೆಲ್ಲ ನೆಲ ಅಂತಸ್ತಿನ ಕಂಬಗಳ ಪಾಲಿಗೆ ಬೀಳುತ್ತದೆ. ಮೇಲಿನ ಎಲ್ಲ ಮಾಳಿಗೆಗಳ ಒತ್ತಡ ಒಟ್ಟಾಗಿ ಇಳಿಯುವುದೂ ಅಲ್ಲಿಯೇ. ತಂತ್ರಜ್ಞರು ಇದನ್ನು ‘ಮೃದು ಅಂತಸ್ತು’ ಎನ್ನುತ್ತಾರೆ. 2001ರ ಜನವರಿ 26ರಂದು ಭುಜ್‌ನಲ್ಲಿ ಭೂಕಂಪವಾದಾಗ, 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಉರುಳಿದ ಬಹುಮಹಡಿ ಕಟ್ಟಡಗಳಲ್ಲಿ ಅನೇಕವು ಕೆಳಗೆ ವಾಹನ ನಿಲುಗಡೆಗೆಂದು ತೆರೆದಿಟ್ಟವೇ ಆಗಿದ್ದವು.

ಮೂಲೆ ನಿವೇಶನದ ಕಟ್ಟಡಗಳಿಗೆ ಇನ್ನೊಂದು ಅಪಾಯವಿದೆ. ರಸ್ತೆಯ ಎರಡು ಬದಿಗೆ ಶಟರ್, ಹಿಂದಿನ ಎರಡು ಬದಿಗೆ ಗಟ್ಟಿ ಗೋಡೆ ಇರುವುದರಿಂದ ಅಂತಹ ಕಟ್ಟಡ ತೂಗುವುದಷ್ಟೇ ಅಲ್ಲ, ತಿರುಚಿಕೊಳ್ಳುತ್ತದೆ. ವ್ಯಾಪಾರಕ್ಕೆ ಅತ್ಯುತ್ತಮವೆಂದು ಹೆಚ್ಚು ಬಾಡಿಗೆ ತರುವ ಜಾಗವೂ ಅದೇ.

ಗೋಡೆ ಬಲ ಕೊಡುವುದರ ಜೊತೆಗೆ ಕಂಪನದ ಹೊರೆಯನ್ನೂ ಹೆಚ್ಚಿಸಬಹುದು. 12 ಮೀಟರ್ ಎತ್ತರ, 12 ಮೀಟರ್ ಉದ್ದದ ಕಟ್ಟಡ ಒಮ್ಮೆ ತೂಗಲು ಬೇಕಾದ ಕಾಲ, ಐ.ಎಸ್. 1893 ಸಂಹಿತೆಯ ಸೂತ್ರದಂತೆ, ಬರಿಯ ಚೌಕಟ್ಟಿಗೆ ಸುಮಾರು 0.48 ಸೆಕೆಂಡು, ಗೋಡೆ ತುಂಬಿದ ಚೌಕಟ್ಟಿಗೆ ಸುಮಾರು 0.31 ಸೆಕೆಂಡು. ಗಟ್ಟಿ ನೆಲದಲ್ಲಿ ಈ ವ್ಯತ್ಯಾಸದಿಂದಲೇ ವಿನ್ಯಾಸ ಬಲವು ಐದನೆಯ ಒಂದು ಪಾಲಿನಷ್ಟು ಏರುತ್ತದೆ.

ಸಣ್ಣ ಕಾರ್ಖಾನೆ, ಗೋದಾಮುಗಳವರು ಗಮನಿಸಬೇಕಾದುದು ಅರ್ಧಗೋಡೆ. ಬೆಳಕು ಗಾಳಿಗೆಂದು ಅರ್ಧ ಎತ್ತರಕ್ಕೆ ಗೋಡೆ ಕಟ್ಟಿ ಮೇಲೆ ಉದ್ದಕ್ಕೂ ಕಿಟಕಿ ಬಿಟ್ಟರೆ, ಕಂಬದ ಮೇಲಿನ ಅರ್ಧವಷ್ಟೇ ಬಾಗಲು ಉಳಿಯುತ್ತದೆ. ಬಾಗುವ ಉದ್ದ ಅರ್ಧವಾದರೆ ಬಿಗಿತ ಸುಮಾರು ಎಂಟು ಪಟ್ಟು. ಬಿಗಿಯಾದ ಕಂಬ ಅಷ್ಟೇ ಹೆಚ್ಚಿನ ಬಲವನ್ನು ತನ್ನ ಮೇಲೆಳೆದುಕೊಂಡು ಓರೆಯಾಗಿ ಸೀಳುತ್ತದೆ. ಗೋಡೆಗೂ ಕಂಬಕ್ಕೂ ನಡುವೆ ಸಾಕಷ್ಟು ಸಂದು ಬಿಟ್ಟು, ಗೋಡೆ ಹೊರಕ್ಕೆ ಬೀಳದಂತೆ ಬೇರೆ ಆಧಾರ ಕೊಡುವುದು ಹೊಸ ಕಟ್ಟಡದಲ್ಲಿ ದೊಡ್ಡ ಖರ್ಚಿನ ಮಾತಲ್ಲ.

ಸಂಹಿತೆಯ 2002 ಮತ್ತು 2016ರ ಆವೃತ್ತಿಗಳಲ್ಲಿ ಬೆಂಗಳೂರು ಕಡಿಮೆ ಅಪಾಯದ 2ನೇ ವಲಯದಲ್ಲಿತ್ತು. ಆದರೆ 1993ರ ಸೆಪ್ಟೆಂಬರ್ 30ರಂದು ನೆಲಸಮವಾದ, ನಮ್ಮ ಗಡಿಗೆ ಸಮೀಪದ ಕಿಲ್ಲಾರಿ ಆಗಿನ ನಕ್ಷೆಯಲ್ಲಿ ಅದಕ್ಕಿಂತಲೂ ಕೆಳಗಿನ 1ನೇ ವಲಯದಲ್ಲಿತ್ತು. 2002ರ ಆವೃತ್ತಿ ಮೃದು ಅಂತಸ್ತಿನ ಕಂಬ, ತೊಲೆಗಳನ್ನು ಎರಡೂವರೆ ಪಟ್ಟು ಬಲಕ್ಕೆ ವಿನ್ಯಾಸಗೊಳಿಸುವ ಮಾರ್ಗವನ್ನು ಸೂಚಿಸಿತ್ತು. 2016ರ ಆವೃತ್ತಿಯು ಗೋಡೆಯನ್ನು ಓರೆ ಊರೆಯೆಂದು ಲೆಕ್ಕಕ್ಕೆ ತರುವ ಕ್ರಮವನ್ನೂ, ತೆರೆದ ಅಂತಸ್ತಿಗೆ ಕಾಂಕ್ರೀಟ್ ಗೋಡೆಯಂತಹ ಬಲವರ್ಧನೆಯನ್ನೂ ವಿಧಿಸಿತು. ಇರುವ ಕಟ್ಟಡದಲ್ಲಿ ಯಾವ ಗೋಡೆ ತೆಗೆಯಬಹುದು, ಬದಲಿಗೆ ಏನು ಕೊಡಬೇಕು ಎಂಬುದನ್ನು ಮೇಸ್ತ್ರಿಯಲ್ಲ, ಸ್ಟ್ರಕ್ಚರಲ್ ಎಂಜಿನಿಯರು ಲಿಖಿತವಾಗಿ ಹೇಳಬೇಕು. ಪಿಲ್ಲರುಗಳೇ ಇಲ್ಲದ ಹಳೆಯ ಮನೆಯನ್ನು ಮಳಿಗೆಯಾಗಿಸುವ ವಿಚಾರವೇ ಬೇರೆ; ಅಲ್ಲಿ ಛಾವಣಿ ನಿಂತಿರುವುದೇ ಗೋಡೆಯ ಮೇಲೆ.

ಬಾಡಿಗೆದಾರನಿಗೆ ಇದರಲ್ಲಿ ಕಾನೂನಿನ ತೊಡಕೂ ಉಂಟು. ಕರಾರಿನಲ್ಲಿ ಬೇರೆ ರೀತಿ ಇಲ್ಲದಿದ್ದರೆ, ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಮಾಲೀಕನ ಕಟ್ಟಡವನ್ನು ಕೆಡವುವುದನ್ನೂ ಹಾನಿ ಮಾಡುವುದನ್ನೂ ನಿಷೇಧಿಸುತ್ತದೆ. ತಡೆಯಲಾಗದ ವಿಪತ್ತಿನಿಂದ ಕಟ್ಟಡವು ಶಾಶ್ವತವಾಗಿ ನಿರುಪಯುಕ್ತವಾದಲ್ಲಿ ಗೇಣಿಯನ್ನು ರದ್ದುಪಡಿಸುವ ಹಕ್ಕನ್ನು ಅದೇ ಕಲಮು ಬಾಡಿಗೆದಾರನಿಗೆ ಕೊಟ್ಟಿದೆಯಾದರೂ, ಹಾನಿಗೆ ಅವನದೇ ತಪ್ಪು ಕಾರಣವಾಗಿದ್ದರೆ ಆ ಹಕ್ಕು ಸಿಗದು. ಹತ್ತು ತಿಂಗಳ ಮುಂಗಡ ಕೊಟ್ಟವರು ಗೋಡೆ ಮುಟ್ಟುವ ಮೊದಲು ಮಾಲೀಕರ ಲಿಖಿತ ಒಪ್ಪಿಗೆಯನ್ನೂ, ಎಂಜಿನಿಯರ ವರದಿಯನ್ನೂ ಕರಾರಿಗೆ ಲಗತ್ತಿಸಿಕೊಳ್ಳುವುದು ಕ್ಷೇಮ.

ಇನ್ನು ವಿಮೆ. 2021ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ (5 ಕೋಟಿ ರೂ.ವರೆಗೆ) ಮತ್ತು ಭಾರತ್ ಲಘು ಉದ್ಯಮ ಸುರಕ್ಷಾ (5ರಿಂದ 50 ಕೋಟಿ ರೂ.ವರೆಗೆ) ಪಾಲಿಸಿಗಳಲ್ಲಿ ಭೂಕಂಪದ ರಕ್ಷಣೆ ಅಡಕವಾಗಿದೆ, ಹಳೆಯ ಅಗ್ನಿವಿಮೆಯಲ್ಲಿ ಅದಕ್ಕೆ ಹೆಚ್ಚುವರಿ ಪ್ರೀಮಿಯಂ ಕಟ್ಟಬೇಕಿತ್ತು. ಆದರೆ ವರ್ತಕನು ತನ್ನ ಸರಕು, ಪೀಠೋಪಕರಣಗಳನ್ನಷ್ಟೇ ವಿಮೆ ಮಾಡಿಸಿದ್ದರೆ ಕಟ್ಟಡ ಅದರೊಳಗೆ ಬರುವುದಿಲ್ಲ. ಮಾಲೀಕರು ಕಟ್ಟಡಕ್ಕೆ ವಿಮೆ ಮಾಡಿಸಿದ್ದಾರೆಯೇ ಎಂದು ಕೇಳಿ ತಿಳಿಯಬೇಕು. ಗೋಡೆ ತೆಗೆಸಿದ ಸಂಗತಿಯನ್ನು ಉಭಯತ್ರರೂ ತಮ್ಮ ತಮ್ಮ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪತ್ರ ಪಡೆದಿಟ್ಟುಕೊಳ್ಳಬೇಕು.