ಮರಳಿ ಓದಲು ಬಂದವರ ಮೇಷ್ಟ್ರು

ಓದು ಬಿಟ್ಟು ಹದಿನೈದು, ಇಪ್ಪತ್ತು ವರ್ಷ ಕಳೆದ ಮೇಲೆ ಮತ್ತೆ ಪುಸ್ತಕ ಹಿಡಿಯುವವರನ್ನು ಮೊದಲು ಕಾಡುವುದು ಪಾಠವಲ್ಲ, ಅಳುಕು. ‘ಈ ವಯಸ್ಸಿನಲ್ಲಿ ತಲೆಗೆ ಹತ್ತೀತೇ?’ ಎಂಬ ಸಂಶಯ ಒಂದು ಕಡೆ. ಬರೆಯುವ ರೂಢಿ ತಪ್ಪಿದ ಕೈ ಇನ್ನೊಂದು ಕಡೆ. ಈ ಅಳುಕನ್ನು ಕಳೆಯುವವನು ಎಂಥ ಮೇಷ್ಟ್ರು? ಬ್ರಿಟನ್ನಿನ ವಯಸ್ಕ ಶಿಕ್ಷಣದ ಇತಿಹಾಸದಲ್ಲಿ ಇದಕ್ಕೊಂದು ಒಳ್ಳೆಯ ಉತ್ತರವಿದೆ.

ಆಲ್ಬರ್ಟ್ ಮ್ಯಾನ್ಸ್‌ಬ್ರಿಜ್ ಬಡಗಿಯೊಬ್ಬನ ಮಗ. ಹದಿನಾಲ್ಕನೆಯ ವಯಸ್ಸಿಗೇ ಶಾಲೆ ಬಿಟ್ಟು ಗುಮಾಸ್ತನಾದವನು. 1903ರಲ್ಲಿ ಆತ ಹೆಂಡತಿ ಫ್ರಾನ್ಸಿಸ್ ಜೊತೆಗೂಡಿ ಕಾರ್ಮಿಕರ ಶಿಕ್ಷಣ ಸಂಘವನ್ನು ಕಟ್ಟಿದ. ಮನೆಖರ್ಚಿನ ಹಣದಲ್ಲಿ ಆಕೆ ತೆಗೆದುಕೊಟ್ಟ ಎರಡೂವರೆ ಶಿಲಿಂಗೇ ಅದರ ಮೂಲ ಬಂಡವಾಳ. ದುಡಿಯುವವರು ವಿಶ್ವವಿದ್ಯಾಲಯಕ್ಕೆ ಹೋಗಲಾರದಿದ್ದರೆ ವಿಶ್ವವಿದ್ಯಾಲಯವೇ ಅವರ ಊರಿಗೆ ಬರಲಿ ಎಂಬುದು ಈ ದಂಪತಿಗಳ ಹಂಬಲ.

ಹಾಗೆ ಬಂದವರು ಆರ್.ಎಚ್. ಟಾನಿ. ಹುಟ್ಟಿದ್ದು 1880ರಲ್ಲಿ, ನಮ್ಮ ಕಲ್ಕತ್ತೆಯಲ್ಲಿ, ಓದಿದ್ದು ಆಕ್ಸ್‌ಫರ್ಡಿನಲ್ಲಿ. 1908ರ ಜನವರಿಯಿಂದ ಅವರು ಶುಕ್ರವಾರ ಸಂಜೆ ಕುಂಬಾರಿಕೆಯ ಊರಾದ ಲಾಂಗ್ಟನ್ನಿನಲ್ಲೂ, ಶನಿವಾರ ಮಧ್ಯಾಹ್ನ ಹತ್ತಿ ಗಿರಣಿಗಳ ಊರಾದ ರಾಚ್‌ಡೇಲಿನಲ್ಲೂ ಆರ್ಥಿಕ ಇತಿಹಾಸದ ಪಾಠ ಹೇಳತೊಡಗಿದರು.

ತರಗತಿ ಎರಡು ಗಂಟೆಯದು. ಒಂದು ಗಂಟೆ ಪಾಠ, ಇನ್ನೊಂದು ಗಂಟೆ ಚರ್ಚೆ. ಸೇರಿದವರು ಮೂರು ವರ್ಷ ಬಿಡದೆ ಬರಬೇಕು, ಹದಿನೈದು ದಿನಕ್ಕೊಂದು ಪ್ರಬಂಧ ಬರೆಯಬೇಕು. ದಣಿದು ಬಂದವರೆಂದು ಪಾಠವನ್ನು ತೆಳುವಾಗಿಸಲಿಲ್ಲ. ಆದರೆ ಪ್ರಬಂಧವನ್ನು ಮೇಷ್ಟ್ರು ಓದಿ, ತಿದ್ದಿ, ಮರಳಿಸುತ್ತಿದ್ದರು. ಚರ್ಚೆಯಲ್ಲಿ ನೇಕಾರನ ಮಾತಿಗೂ ಪಂಡಿತನ ಮಾತಿಗೂ ಒಂದೇ ಬೆಲೆ. ಕೂಲಿ, ಬೆಲೆ, ಗಿರಣಿಗಳ ವಿಷಯ ಬಂದಾಗ ಎದುರು ಕುಳಿತವರ ಅನುಭವ ಪುಸ್ತಕದಲ್ಲಿ ಸಿಕ್ಕುವಂಥದ್ದಲ್ಲ. 1912ರಲ್ಲಿ ಪ್ರಕಟವಾದ, ಇಂಗ್ಲೆಂಡಿನ ಭೂಸಮಸ್ಯೆಯನ್ನು ಕುರಿತ ತಮ್ಮ ಗ್ರಂಥದ ಮುನ್ನುಡಿಯಲ್ಲಿ ಟಾನಿ ಈ ವಿದ್ಯಾರ್ಥಿಗಳ ಋಣವನ್ನು ಬಾಯಿತುಂಬ ನೆನೆದಿದ್ದಾರೆ.

ಕೊರತೆಯೂ ಇತ್ತು. ಓದು ವಿಶ್ವವಿದ್ಯಾಲಯದ ಮಟ್ಟದ್ದಾದರೂ ಕೊನೆಗೆ ಪದವಿ ಸಿಗುತ್ತಿರಲಿಲ್ಲ. ಆ ಬಾಗಿಲನ್ನು ಅಗಲವಾಗಿ ತೆರೆದದ್ದು 1969ರಲ್ಲಿ ಹುಟ್ಟಿದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ. 1971ರಲ್ಲಿ ಪಾಠ ಶುರುವಾದಾಗ ಸುಮಾರು 24 ಸಾವಿರ ಜನ ಸೇರಿದರು. ಸೇರಲು ಹಿಂದಿನ ಯಾವ ಪರೀಕ್ಷೆಯೂ ಪಾಸಾಗಿರಬೇಕಿಲ್ಲ. ರೇಡಿಯೊ, ಟೆಲಿವಿಷನ್ ಪಾಠಗಳು ಹೆಚ್ಚು ಹೆಸರಾದವು, ನಿಜ. ಅವುಗಳ ಹಿಂದೆಯೇ ಬೋಧಕರೂ ಇದ್ದರು. ಅಂಚೆಯಲ್ಲಿ ಬಂದ ಉತ್ತರಗಳಿಗೆ ಅಂಕ ಕೊಟ್ಟು ಸುಮ್ಮನಾಗದೆ, ಎಲ್ಲಿ ಎಡವಿದೆ, ಹೇಗೆ ಸರಿಪಡಿಸಬಹುದು ಎಂದು ಬರೆದು ಕಳಿಸುವುದು ಅವರ ಕೆಲಸ.

ನಮ್ಮಲ್ಲೂ ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತು. 1996ರಲ್ಲಿ ಅದೇ ಬೆಳೆದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನೌಕರಿ, ಸಂಸಾರದ ನಡುವೆ ಓದುವವರಿಗೆ ಅಚ್ಚಾದ ಪಾಠ ಮನೆಗೇ ಬಂದೀತು. ಆದರೆ ಬರೆದ ಉತ್ತರವನ್ನು ಯಾರೋ ಒಬ್ಬರು ಮನಸ್ಸಿಟ್ಟು ಓದಿದ್ದಾರೆ ಎಂಬ ಭರವಸೆ ಅಚ್ಚಿನ ಪಾಠದಿಂದ ಬರುವುದಿಲ್ಲ. ಅಂಚಿನಲ್ಲಿ ಮೇಷ್ಟ್ರು ಬರೆದ ಎರಡು ಸಾಲು ಎಷ್ಟೋ ಜನರನ್ನು ಓದಿನಲ್ಲಿ ಉಳಿಸಬಲ್ಲದು.