ಹಡಗು ಹತ್ತುವಾಗ ಸಂಕೋಚವನ್ನು ಮನೆಯಲ್ಲೇ ಬಿಡಿ

ಹೃದಯದ ಡಾಕ್ಟರು ಹಡಗಿನ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನೀವು ಕೇಳಬಹುದು. ಮಳೆಗಾಲ ಮುಗಿದರೆ ಸಾಕು, ನನ್ನ ಓಪಿಡಿಯಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ: "ಡಾಕ್ಟ್ರೇ, ಊರಿಂದ ಅಪ್ಪ ಅಮ್ಮ ಬಂದಿದ್ದಾರೆ. ಗೋವಾ ಕ್ರೂಸಿಗೆ ಕರಕೊಂಡು ಹೋಗಬಹುದಾ?" ಸ್ಟೆಂಟ್ ಹಾಕಿ ವರ್ಷ ಕಳೆದು, ಎರಡು ಮಹಡಿ ಮೆಟ್ಟಿಲು ಆರಾಮವಾಗಿ ಹತ್ತುವವರಿಗೆ ಸಾಮಾನ್ಯವಾಗಿ ನಾನು ಹೋಗಿ ಬನ್ನಿ ಎನ್ನುತ್ತೇನೆ. ಇತ್ತೀಚೆಗೆ ಹೃದಯಾಘಾತವಾದವರು, ಮಲಗಿದರೆ ಉಸಿರು ಕಟ್ಟುವವರು, ಕಾಲು ಬಾತವರು ಮೊದಲು ನಿಮ್ಮ ಡಾಕ್ಟರನ್ನು ಕಂಡು ಆಮೇಲೆ ಟಿಕೆಟ್ ಮಾಡಿಸಿ.

ನಮ್ಮಲ್ಲಿ ಅನೇಕರ ಅಜ್ಜಂದಿರು ಕರಾವಳಿಯಿಂದ ಹಡಗಿನಲ್ಲೇ ಮುಂಬೈಗೆ ಬಂದವರು. ಡೆಕ್ಕಿನ ಮೇಲೆ ಚಾಪೆ ಹಾಸಿ ಮಲಗಿದ, ವಾಂತಿ ಮಾಡಿಕೊಂಡ ಕತೆ ಕೇಳಿಯೇ ಬೆಳೆದಿದ್ದೇವೆ. ಈಗ ಮೊಮ್ಮಕ್ಕಳು ಬಲ್ಲಾರ್ಡ್ ಪಿಯರ್‌ನಲ್ಲಿ ಎಸಿ ಕೋಣೆಯ ಹಡಗು ಹತ್ತುತ್ತಾರೆ. ಆದರೆ ಒಂದು ವಿಷಯ ಬದಲಾಗಿಲ್ಲ. ಸಾವಿರಾರು ಜನ ಒಂದೇ ಸೂರಿನಡಿ, ಅದೇ ಕೈಗಂಬಿ ಹಿಡಿದು, ಅದೇ ಸೌಟಿನಲ್ಲಿ ಬಡಿಸಿಕೊಂಡು ಇರಬೇಕು. ಒಬ್ಬರ ನಡವಳಿಕೆ ಅಲ್ಲಿ ಇನ್ನೊಬ್ಬರ ಆರೋಗ್ಯಕ್ಕೆ ನೇರವಾಗಿ ತಟ್ಟುತ್ತದೆ. 2022ರ ಜನವರಿ ಮೊದಲ ವಾರದ ಸುದ್ದಿ ನೆನಪಿರಬಹುದು. ಮುಂಬೈಯಿಂದ ಗೋವಾಕ್ಕೆ ಹೋದ ಕಾರ್ಡೇಲಿಯಾ ಹಡಗಿನಲ್ಲಿ ಸುಮಾರು 2000 ಜನರನ್ನು ಪರೀಕ್ಷಿಸಿದಾಗ 66 ಮಂದಿಗೆ ಕೊರೊನಾ ಇತ್ತು. ರಜೆಗೆ ಹೊರಟ ಹಡಗು ಹಾಗೇ ಮುಂಬೈಗೆ ಮರಳಿತು.

ಕೊರೊನಾ ಕಾಲ ಹೋಯಿತು, ಇನ್ನೇನು ಎನ್ನಬೇಡಿ. ಹಡಗಿನ ಹಳೆಯ ಶತ್ರು ನೋರೋವೈರಸ್. ವಾಂತಿ, ಭೇದಿ, ಹೊಟ್ಟೆನೋವು ತರುವ ವೈರಸ್ ಇದು. ಕೆಲವೇ ಕೆಲವು ಕಣಗಳು ಹೊಟ್ಟೆಗೆ ಹೋದರೂ ಸಾಕು, 12ರಿಂದ 48 ಗಂಟೆಯೊಳಗೆ ಆಳು ಮಲಗುತ್ತಾನೆ. ಮೂವತ್ತರ ಹುಡುಗನಿಗೆ ಅದು ಎರಡು ದಿನದ ಕಿರಿಕಿರಿ ಅಷ್ಟೆ. ಪಕ್ಕದ ಟೇಬಲಿನಲ್ಲಿ ಕೂತ 72ರ ಅಜ್ಜಿಗೆ ಹಾಗಲ್ಲ. ಆಕೆ ಬಿಪಿ ಮಾತ್ರೆ, ನೀರು ಇಳಿಸುವ ಮಾತ್ರೆ, ಸಕ್ಕರೆ ಮಾತ್ರೆ ಎಲ್ಲ ನುಂಗುತ್ತಿರುತ್ತಾರೆ. ಅದರ ಮೇಲೆ ನಾಲ್ಕು ಸಲ ಭೇದಿಯಾದರೆ ಬಿಪಿ ಕುಸಿದು ಬಚ್ಚಲಲ್ಲಿ ಬೀಳಬಹುದು, ಕಿಡ್ನಿಗೆ ಪೆಟ್ಟಾಗಬಹುದು, ಪೊಟ್ಯಾಸಿಯಂ ಏರುಪೇರಾಗಿ ಎದೆಬಡಿತ ತಪ್ಪಬಹುದು. ಅಂಥ ದಿನ ಯಾವ ಮಾತ್ರೆ ನಿಲ್ಲಿಸಬೇಕು, ಯಾವುದು ಮುಂದುವರಿಯಬೇಕು ಎಂದು ಹೊರಡುವ ಮೊದಲೇ ನಿಮ್ಮ ಡಾಕ್ಟರಿಂದ ಬರೆಸಿಕೊಳ್ಳಿ. ಸಮುದ್ರದ ಮಧ್ಯೆ ಫೋನಿಗೆ ನೆಟ್‌ವರ್ಕ್ ಇರುವುದಿಲ್ಲ. ನನಗೆ ವಾಟ್ಸಾಪ್ ಮಾಡುತ್ತೇನೆ ಎಂದು ನಂಬಿ ಕೂರಬೇಡಿ.

ಬಫೆ ಊಟದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ನಮ್ಮ ಪಂಕ್ತಿ ಊಟವನ್ನು ನೆನಪಿಸಿಕೊಳ್ಳಿ. ಬಡಿಸುವವರು ಇನ್ನೂ ಉಂಡಿರುವುದಿಲ್ಲ, ಉಣ್ಣುವವರು ಪಾತ್ರೆ ಮುಟ್ಟುವುದಿಲ್ಲ. ಎಂಜಲು ಕೈ ಸೌಟಿಗೆ ತಾಗಿದರೆ ಅಜ್ಜಿ ಸಿಡಿಮಿಡಿಗೊಳ್ಳುತ್ತಿದ್ದಳು. ನೋರೋವೈರಸ್‌ನ ಹೆಸರು ಆಕೆ ಕೇಳಿರಲಿಲ್ಲ, ಆದರೆ ಅದನ್ನು ತಡೆಯುವ ದಾರಿ ಆಕೆಗೆ ಗೊತ್ತಿತ್ತು. ಬಫೆಯಲ್ಲಿ ಉಣ್ಣುವವನೂ ಬಡಿಸುವವನೂ ಒಬ್ಬನೇ. ಬಲಗೈಯಲ್ಲಿ ಪೂರಿ ತಿಂದು, ಟಿಶ್ಯೂವಿಗೆ ಒರೆಸಿ, ಅದೇ ಕೈಯಲ್ಲಿ ಸೌಟು ಹಿಡಿದು ಎರಡನೇ ಸಲ ಪಲ್ಯ ಹಾಕಿಕೊಳ್ಳುತ್ತೇವೆ. ನಮ್ಮ ಹಿಂದೆ ನೂರು ಜನ ಅದೇ ಸೌಟು ಹಿಡಿಯುತ್ತಾರೆ. ಆದ್ದರಿಂದ ಎರಡನೇ ಸಲಕ್ಕೆ ಏಳುವ ಮುನ್ನ ಕೈ ತೊಳೆಯಿರಿ, ಹೊಸ ತಟ್ಟೆ ತಗೊಳ್ಳಿ. ತೊಳೆಯುವುದು ಎಂದರೆ ಸೋಪು ನೀರಿನಲ್ಲಿ 20 ಸೆಕೆಂಡು. ಬಾಗಿಲಲ್ಲಿಟ್ಟ ಸ್ಯಾನಿಟೈಸರ್ ಈ ವೈರಸ್ಸಿಗೆ ಅಷ್ಟಾಗಿ ಬಗ್ಗುವುದಿಲ್ಲ. ಮಕ್ಕಳು ಕೇಕನ್ನು ಬೆರಳಲ್ಲಿ ಮುಟ್ಟಿ ನೋಡಿ ಬಿಟ್ಟು ಬಂದರೆ "ಪಾಪ, ಮಗು" ಎನ್ನಬೇಡಿ. ಮುಟ್ಟಿದ್ದನ್ನು ಅದರ ತಟ್ಟೆಗೇ ಹಾಕಿಕೊಡಿ.

ಈಗ ನಾನು ಮುಖ್ಯವಾಗಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ನಾವು ಕನ್ನಡಿಗರು ಸಂಕೋಚದ ಜನ. ಬೇರೆಯವರಿಗೆ ತೊಂದರೆ ಕೊಡಬಾರದು ಎನ್ನುವುದೇ ನಮಗೆ ಮರ್ಯಾದೆ. ಊರು ಬಿಟ್ಟು ಬಂದವರಲ್ಲಿ ಇದು ಇನ್ನೂ ಒಂದು ಹಿಡಿ ಜಾಸ್ತಿ. ಹಡಗಿನಲ್ಲಿ ಈ ಮರ್ಯಾದೆ ತಿರುಗುಬಾಣವಾಗುತ್ತದೆ.

ಬೊರಿವಲಿ ಕಡೆಯ ನನ್ನ ಪೇಶೆಂಟ್ ಒಬ್ಬರು, ನಿವೃತ್ತ ಬ್ಯಾಂಕ್ ಉದ್ಯೋಗಿ. ಕ್ರೂಸಿನಲ್ಲಿ ಮೊಮ್ಮಗನ ಹುಟ್ಟುಹಬ್ಬ. ರಾತ್ರಿ ಊಟ ಆದ ಮೇಲೆ ಅವರಿಗೆ ಎದೆ ಬಿಗಿಯಿತು, ಬೆವರು ಬಂತು. ಕೆಳಗೆ ಮ್ಯೂಸಿಕ್, ಮಗ ಸೊಸೆ ಕುಣಿಯುತ್ತಿದ್ದರು. ಗ್ಯಾಸ್ ಇರಬೇಕು, ಯಾಕೆ ಅವರ ಸಂತೋಷ ಹಾಳು ಮಾಡಲಿ ಎಂದು ಕೋಣೆಗೆ ಹೋಗಿ ಮಲಗಿದರು. ಹೆಂಡತಿಗೂ ಹೇಳಲಿಲ್ಲ. ಹೇಳಿದ್ದು ಬೆಳಿಗ್ಗೆ. ಬದುಕಿದ್ದಾರೆ, ಪುಣ್ಯ. ಆದರೆ ಆ ಏಳೆಂಟು ಗಂಟೆಯಲ್ಲಿ ಸತ್ತ ಹೃದಯದ ಸ್ನಾಯುವನ್ನು ಯಾವ ಸ್ಟೆಂಟೂ ಮರಳಿ ಕೊಡುವುದಿಲ್ಲ. ಹಿಂದೆ ಸಂಜೆ ಮೂರು ಸುತ್ತು ವಾಕಿಂಗ್ ಹೋಗುತ್ತಿದ್ದವರು ಈಗ ಒಂದು ಸುತ್ತಿಗೆ ಕೂರುತ್ತಾರೆ.

ದಯವಿಟ್ಟು ಅರ್ಥ ಮಾಡಿಕೊಳ್ಳಿ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಡಾಕ್ಟರು, ನರ್ಸು, ಇಸಿಜಿ, ಶಾಕ್ ಕೊಡುವ ಯಂತ್ರ ಇರುತ್ತವೆ. ಆಂಜಿಯೋಪ್ಲಾಸ್ಟಿ ಮಾಡುವ ಕ್ಯಾಥ್‌ಲ್ಯಾಬ್ ಇರುವುದಿಲ್ಲ. ನಿಮ್ಮನ್ನು ದಡಕ್ಕೆ ಸಾಗಿಸಬೇಕಾದರೆ ಕ್ಯಾಪ್ಟನ್‌ಗೆ ಮೊದಲೇ ತಿಳಿದಿರಬೇಕು. ಅಂಧೇರಿಯಲ್ಲಿ ಎದೆನೋವು ಬಂದರೆ ಟ್ರಾಫಿಕ್ ಇದ್ದರೂ ಆಸ್ಪತ್ರೆ ಸಿಗುತ್ತದೆ. ನಡುಸಮುದ್ರದಲ್ಲಿ ನೀವು ಸುಮ್ಮನಿದ್ದ ಒಂದೊಂದು ಗಂಟೆಯೂ ದುಬಾರಿ. ಎದೆ ಬಿಗಿತ, ದವಡೆಗೆ ಅಥವಾ ಕೈಗೆ ಹರಡುವ ನೋವು, ತಣ್ಣನೆ ಬೆವರು, ಕಾರಣವಿಲ್ಲದ ಏದುಸಿರು ಬಂದರೆ ರಾತ್ರಿ ಎರಡು ಗಂಟೆಯಾದರೂ ಕೋಣೆಯ ಫೋನ್ ಎತ್ತಿ. ಸಕ್ಕರೆ ಕಾಯಿಲೆಯವರಲ್ಲಿ, ಹೆಂಗಸರಲ್ಲಿ ಕೆಲವೊಮ್ಮೆ ಬರೀ ಸುಸ್ತು, ಹೊಟ್ಟೆ ತೊಳಸುವುದು ಇಷ್ಟೇ ಇರುತ್ತದೆ. ಅದನ್ನು ಸಮುದ್ರದ ಕಾಯಿಲೆ ಎಂದು ನೀವೇ ತೀರ್ಮಾನಿಸಬೇಡಿ. ಮೆಡಿಕಲ್ ಸೆಂಟರಿನ ನಂಬರನ್ನು ಮೊದಲ ದಿನವೇ ನೋಡಿಟ್ಟುಕೊಳ್ಳಿ.

ಭೇದಿಗೂ ಇದೇ ಮಾತು. ಹೇಳಿದರೆ ಕೋಣೆಯಲ್ಲೇ ಇರಿಸುತ್ತಾರೆ, ದುಡ್ಡು ಕೊಟ್ಟ ಟ್ರಿಪ್ ಹಾಳು ಎಂದು ಬಾಯಿ ಮುಚ್ಚಿಕೊಂಡು ಈಜುಕೊಳಕ್ಕೆ ಇಳಿಯುವವರಿದ್ದಾರೆ. ಇದನ್ನು ಸಂಕೋಚ ಎಂದು ಕರೆಯಲು ನನಗೆ ಮನಸ್ಸಿಲ್ಲ.

ಇನ್ನೊಂದು ಅತಿ ಉಪಕಾರ ಬುದ್ಧಿ ಇದೆ. ಯಾರಿಗಾದರೂ ಎದೆನೋವು ಎಂದ ಕೂಡಲೇ "ನನ್ನ ಹತ್ರ ಸಾರ್ಬಿಟ್ರೇಟ್ ಇದೆ, ನಾಲಗೆ ಕೆಳಗಿಡಿ" ಎಂದು ಮುಂದೆ ಬರುತ್ತಾರೆ. ಬೇಡ. ರಜೆಯ ಉಮೇದಿನಲ್ಲಿ ಆ ಮನುಷ್ಯ ವಯಾಗ್ರಾ ಜಾತಿಯ ಮಾತ್ರೆ ತಗೊಂಡಿದ್ದರೆ ಬಿಪಿ ಪಾತಾಳಕ್ಕೆ ಇಳಿಯುತ್ತದೆ. ಸಿಲ್ಡೆನಾಫಿಲ್ ಆದರೆ 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಸಾರ್ಬಿಟ್ರೇಟ್ ಮುಟ್ಟಬಾರದು. ಹೆಂಡತಿ ಮಕ್ಕಳ ಎದುರು ಅವನು ಅದನ್ನು ಹೇಳುವುದೂ ಇಲ್ಲ. ಡಾಕ್ಟರನ್ನು ಕರೆಸಿ, ಜನರನ್ನು ದೂರ ಸರಿಸಿ, ಗಾಳಿ ಬಿಡಿ. ನಿಮ್ಮ ಉಪಕಾರ ಅಷ್ಟಿರಲಿ. ವಾಂತಿಗೆ ಕೊಡುವ ಅವೋಮಿನ್ ಕೂಡ ಹಂಚುವ ಪ್ರಸಾದವಲ್ಲ. ವಯಸ್ಸಾದವರಿಗೆ ಮಂಪರು ಬಂದು ಬೀಳುತ್ತಾರೆ, ಅದರ ಮೇಲೆ ಎರಡು ಪೆಗ್ ಹಾಕಿದರೆ ಇನ್ನೂ ಅಪಾಯ.

ಸಿಗರೇಟು ಸೇದುವವರು ನಿಗದಿ ಜಾಗದಲ್ಲೇ ಸೇದಿ. ನಿಮ್ಮ ಬಾಲ್ಕನಿಯ ಹೊಗೆ ಪಕ್ಕದ ಹೃದ್ರೋಗಿಯ ಕೋಣೆಗೆ ಹೋಗುತ್ತದೆ. 2006ರ ಮಾರ್ಚ್‌ನಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಸ್ಟಾರ್ ಪ್ರಿನ್ಸೆಸ್ ಹಡಗಿನ ಬಾಲ್ಕನಿಯಲ್ಲಿ ಎದ್ದ ಬೆಂಕಿಗೆ ಒಬ್ಬ ಪ್ರಯಾಣಿಕರು ಬಲಿಯಾದರು. ತನಿಖೆ ಬೊಟ್ಟು ಮಾಡಿದ್ದು ಯಾರೋ ಎಸೆದ, ಆರದ ಸಿಗರೇಟಿನತ್ತ.

ಹಡಗು ಹೊರಡುವಾಗ ಲೈಫ್ ಜಾಕೆಟ್ಟಿನ ಡ್ರಿಲ್ ಇರುತ್ತದೆ. ಸೆಲ್ಫಿ ಬಿಟ್ಟು ಹೋಗಿ. ಇಟಲಿಯ ಕೋಸ್ಟಾ ಕಾಂಕಾರ್ಡಿಯಾ ಹಡಗು 2012ರ ಜನವರಿ 13ರಂದು ಬಂಡೆಗೆ ತಾಗಿ 32 ಜನ ಸತ್ತಾಗ, ಅದೇ ದಿನ ಹತ್ತಿದ ನೂರಾರು ಮಂದಿಗೆ ಇನ್ನೂ ಡ್ರಿಲ್ಲೇ ಆಗಿರಲಿಲ್ಲ. ಅದರ ನಂತರವೇ ಡ್ರಿಲ್ಲನ್ನು ಹೊರಡುವ ಮೊದಲು ಅಥವಾ ಹೊರಟ ಕೂಡಲೇ ಮಾಡಬೇಕೆಂಬ ನಿಯಮ ಬಂತು. ಏಳು ಗಿಡ್ಡ, ಒಂದು ಉದ್ದ ಸೈರನ್ ಕೇಳಿದರೆ ಸೇರಬೇಕಾದ ಜಾಗಕ್ಕೆ ನಡೆಯಬೇಕು. ಆಗ ಲಿಫ್ಟ್ ಬಳಸುವಂತಿಲ್ಲ. ಅಮ್ಮನಿಗೆ ಮೊಣಕಾಲು ನೋವು, ಅಪ್ಪನಿಗೆ ಮೆಟ್ಟಿಲು ಆಗದು ಎಂದಿದ್ದರೆ ಸಿಬ್ಬಂದಿಗೆ ಅಂದೇ ಹೇಳಿಡಿ. ಅವರಲ್ಲಿ ಗೋವಾದ, ಮಂಗಳೂರಿನ ಹುಡುಗರು ಸಿಗಬಹುದು. ಕೊಂಕಣಿಯಲ್ಲೋ ತುಳುವಿನಲ್ಲೋ ಎರಡು ಮಾತಾಡಿಸಿ, ಹೆಸರು ಹಿಡಿದು ಕರೆಯಿರಿ. "ಏ ವೇಟರ್" ಬೇಡ.

ಸಾಮಾನ್ಯ ದಿನಗಳಲ್ಲಿ ಲಿಫ್ಟನ್ನು ಗಾಲಿಕುರ್ಚಿಯವರಿಗೆ ಬಿಟ್ಟು, ಕಾಲು ಗಟ್ಟಿ ಇರುವವರು ಕಂಬಿ ಹಿಡಿದು ಮೆಟ್ಟಿಲು ಹತ್ತಿ. ಬಫೆ ತಿಂದ ಹೊಟ್ಟೆಗೂ ಒಳ್ಳೆಯದು. ದಾದರಿನಲ್ಲಿ ವಿರಾರ್ ಲೋಕಲ್ ಹತ್ತುವ ಅಭ್ಯಾಸ ಇಲ್ಲಿ ಬೇಕಾಗಿಲ್ಲ, ಹಡಗು ನಿಮ್ಮನ್ನು ಬಿಟ್ಟು ಹೋಗುವುದಿಲ್ಲ. ಕ್ಯೂನಲ್ಲಿ ವಯಸ್ಸಾದವರು ನಿಂತಿದ್ದರೆ ಮುಂದೆ ಕಳಿಸಿ.

ದೊಡ್ಡ ಬ್ಯಾಗು ಕೋಣೆಗೆ ತಲುಪಲು ಗಂಟೆಗಟ್ಟಲೆ ಹಿಡಿಯಬಹುದು. ಮಾತ್ರೆಗಳು, ಎರಡು ದಿನದ ಹೆಚ್ಚುವರಿ ಸಹಿತ, ಕೈಚೀಲದಲ್ಲೇ ಇರಲಿ. ಹಳೆಯ ಇಸಿಜಿ, ಡಿಸ್ಚಾರ್ಜ್ ಕಾಗದ, ಸ್ಟೆಂಟಿನ ಕಾರ್ಡು ಕಾಗದದ ಪ್ರತಿಯಾಗಿಯೇ ಇಡಿ.

ಮನೆಗೆ ಬಂದ ಮೇಲೆ ಹೊಟ್ಟೆ ಕೆಟ್ಟರೆ, ನಿಂತ ನಂತರವೂ ಕನಿಷ್ಠ 48 ಗಂಟೆ ಬೇರೆಯವರಿಗೆ ಅಡುಗೆ ಮಾಡಬೇಡಿ. ಭಾನುವಾರದ ಪೂಜೆಗೆ ಪಾಯಸ ನಿಮ್ಮದೇ ಪಾಳಿ ಆಗಿದ್ದರೆ, ಫೋನ್ ಮಾಡಿ ಕಾರಣ ಹೇಳಿ ಬೇರೆಯವರಿಗೆ ವಹಿಸಿಕೊಡಿ.